ಒಂಬತ್ತನೇ ಬೇವು

ಬೇರೂನ್ ಕಿಲ್ಲಾ, ರಾಯಚೂರು
14 ಮೇ 1985, ಮಂಗಳವಾರ

ಪ್ರೀತಿಯ ಮೊಮ್ಮಗಳು ಗುರುಶಾಂತಾಗೆ,

ನಿನ್ನ ತಾತ ಹಂಪಣ್ಣನ ಆಶೀರ್ವಾದ. ಹೇಗಿದ್ದೀಯವ್ವಾ? ಧಾರವಾಡದ ಹಾಸ್ಟೆಲಿನ ಊಟ ಇನ್ನಾದರೂ ಹೊಟ್ಟೆಗೆ ಹಿಡಿಯಿತೇ? ಹೋದ ಪತ್ರದಲ್ಲಿ ನೀನು ಕೆಮ್ಮು ಅಂತ ಒಂದು ಸಾಲು ಬರೆದಿದ್ದೆ. ಅದನ್ನು ಓದಿ ಹೇಳಿದ ದಿನದಿಂದ ನಿನ್ನ ಅಜ್ಜಿ ಮಹಾಂತಮ್ಮ ಶುಂಠಿ ಕುಟ್ಟಿ ಡಬ್ಬಿ ತುಂಬಿಸಿಟ್ಟಿದ್ದಾಳೆ. ಧಾರವಾಡಕ್ಕೆ ಹೋಗುವವರು ಯಾರೂ ಸಿಗದೆ ಅದನ್ನು ದಿನಾ ನನಗೇ ಕುದಿಸಿ ಕುಡಿಸುತ್ತಾಳೆ, ನನಗೆ ಕೆಮ್ಮೇ ಇಲ್ಲ. ಅಲ್ಲಿ ಒಂದು ಮಳೆ ಬಂದು ಸಂಜೆ ತಂಪಾಯಿತು ಅಂತ ಬೇರೆ ಬರೆದಿದ್ದೀಯ. ಓದಿ ಹೊಟ್ಟೆ ಉರಿಯಿತು. ಇಲ್ಲಿ ನಿನ್ನೆ ನಲವತ್ನಾಲ್ಕು ಡಿಗ್ರಿ. ಗೋಡೆಗೆ ಕೈ ಹಚ್ಚಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ಫ್ಯಾನು ಇದ್ದ ಬಿಸಿಗಾಳಿಯನ್ನೇ ತಿರುತಿರುಗಿಸಿ ಕೊಡುತ್ತದೆ, ಅದೂ ಕರೆಂಟು ಇದ್ದಾಗ.

ನನ್ನ ಆರೋಗ್ಯ ಕೇಳಿದ್ದೀಯ. ಕಣ್ಣಿನ ಪೊರೆ ಇನ್ನೂ ಹಣ್ಣಾಗಿಲ್ಲವಂತೆ, ದೀಪಾವಳಿ ಕಳೆದು ಬಾ ಅಂದಿದ್ದಾರೆ ಡಾಕ್ಟರು. ಕನ್ನಡಕ ಇದ್ದರೆ ಎಲ್ಲ ಕಾಣುತ್ತದೆ, ಇಲ್ಲದಿದ್ದರೆ ಮನುಷ್ಯ ಯಾರು ಕಂಬ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಹಲ್ಲು ಮಾತ್ರ ಕಲ್ಲಿದ್ದ ಹಾಗಿವೆ. ಅರವತ್ತೇಳು ತುಂಬಿದರೂ ಕಬ್ಬು ಸಿಗಿದು ತಿನ್ನುತ್ತೇನೆ. ನಿನಗೆ ಗೊತ್ತಲ್ಲ, ನಸುಕಿನಲ್ಲಿ ಮಸೀದಿಯ ಅಜಾನ್‌ಗೂ ಮೊದಲು ಎದ್ದು ಬೇವಿನ ಕಡ್ಡಿ ಕಚ್ಚಿಕೊಂಡು ಕೋಟೆ ಬಾಗಿಲವರೆಗೆ ನಡೆದು ಬರದೆ ನನಗೆ ಬೆಳಗಾಗುವುದಿಲ್ಲ. ಮನೆ ಮುಂದಿನ ಹಳೆಯ ಬೇವಿದ್ದಾಗ ಹೊಸ್ತಿಲು ದಾಟಿ ಎಡಕ್ಕೆ ಕೈ ಎತ್ತಿದರೆ ಟೊಂಗೆ ಸಿಗುತ್ತಿತ್ತು. ಎಪ್ಪತ್ತೊಂಬತ್ತರಲ್ಲಿ ಲೈಟಿನ ತಂತಿಗೆ ತಾಗುತ್ತದೆ ಅಂತ ಅದನ್ನು ಕಡಿದ ಮೇಲೆ ನಿನ್ನ ಅಜ್ಜಿಯೇ ಬಾವಿ ಗುಡಿಯ ಬೇವಿನಿಂದ ಕಡ್ಡಿ ತಂದು ಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ ಇಡುತ್ತಾಳೆ. ಆ ಪುಣ್ಯದಿಂದ ಹಲ್ಲು ಉಳಿದಿವೆ. ಮಾನ್ವಿಯಲ್ಲಿ ನಿನ್ನ ತಾಯಿಗೆ ಜ್ವರ ಬಂದಿದ್ದು ಈಗ ಪೂರ್ತಿ ಬಿಟ್ಟಿದೆ, ಚಿಂತೆ ಮಾಡಬೇಡ. ಅಜ್ಜಿ ಏಪ್ರಿಲ್ ಇಪ್ಪತ್ತೆಂಟರ ಭಾನುವಾರ ಹೋದವಳು ಮೇ ಆರರ ಸಂಜೆ ಬಂದಳು. ಆ ಎಂಟು ದಿನ ಈ ಮನೆಯಲ್ಲಿ ನಾನೊಬ್ಬನೇ ಸ್ಟೋವು ಹಚ್ಚಿ ಅನ್ನ ಕುದಿಸಿಕೊಂಡೆ. ಒಂದು ದಿನ ಸೀದಿತು, ಒಂದು ದಿನ ಗಂಜಿಯಾಯಿತು, ಉಳಿದ ದಿನ ತಿನ್ನುವಂತಿತ್ತು.

ಈಗ ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. 'ತಾತಾ, ಸಸಿ ಎಷ್ಟು ಬದುಕ್ಯಾವ, ಖರೇ ಹೇಳು, ಜೂನ್ ಐದಕ್ಕ ನಮ್ಮ ಪ್ರೊಫೆಸರು ಹುಡುಗರನ್ನ ಕರ್ಕೊಂಡು ನಮ್ಮ ಓಣಿ ನೋಡಾಕ ಬರ್ತಾರ' ಅಂತ ಬರೆದಿದ್ದೀಯ. ಆ ಸಾಲು ಓದಿದಾಗಿನಿಂದ ನನಗೆ ಊಟ ಇಳಿಯುತ್ತಿಲ್ಲ. ಹನ್ನೊಂದು ದಿನ ಉತ್ತರ ಬರೆಯದೆ ಕೂತದ್ದು ಅದಕ್ಕೇ. ಬರೆಯಲು ಕೂತರೆ ಸಿಟ್ಟು ಬರುತ್ತದೆ. ನಿನ್ನ ಮೇಲೂ ಬರುತ್ತದೆ, ತಿಳಿದುಕೋ. ಹೋದ ವರ್ಷ ರಜೆಗೆ ಬಂದವಳು ಸುಮ್ಮನೆ ಮಾವಿನಹಣ್ಣು ತಿಂದು ಹೋಗಬಾರದಿತ್ತೇ? ದೇವದುರ್ಗದ ಸಸಿ ತೋಟದಿಂದ ನೀನು ಇಪ್ಪತ್ತೊಂದು ಬೇವಿನ ಸಸಿ ತರಿಸಿದೆ. ಮಸರಕಲ್ಲಿನ ನಿನ್ನ ಸೋದರಮಾವ ಗಡಿಗೆಪ್ಪ ಅವನ್ನು ಬಸ್ಸಿನ ತಲೆಯ ಮೇಲೆ ಹೇರಿಕೊಂಡು, ತಾನೂ ಅವುಗಳ ಜೊತೆ ಮೇಲೆಯೇ ಕೂತು ಬಂದ. ಮಸೀದಿ ಮುಂದಿನ ಬಯಲಿನಲ್ಲಿ ಓಣಿಯವರನ್ನೆಲ್ಲ ಸುಡುಬಿಸಿಲಿಗೆ ನಿಲ್ಲಿಸಿ ನೀನು ಭಾಷಣ ಮಾಡಿದೆ. 'ಈ ಊರು ವರ್ಷಾ ವರ್ಷಾ ಜಾಸ್ತಿ ಸುಡಾಕತ್ತದ, ಇದ್ದ ಗಿಡ ನಾವ ಕಡದೀವಿ, ನೆರಳನ್ನ ಯಾರೂ ಲಾರ್‍ಯಾಗ ತಂದು ಇಳಸಂಗಿಲ್ಲ, ಒಂದು ಮನಿ ಒಂದು ಗಿಡ, ಮುಸುರಿ ನೀರು ಹಾಕಿದ್ರ ಸಾಕು' ಅಂದೆ. ಎಲ್ಲರೂ ಹೂಂ ಅಂದರು. ಹೂಂ ಅನ್ನಲು ನೀರು ಬೇಕಾಗುವುದಿಲ್ಲವಲ್ಲ! ಕಡೆಗೆ ಎಲ್ಲರ ಎದುರಿಗೆ ನನ್ನ ಕೈ ಹಿಡಿದೆತ್ತಿ 'ನಮ್ಮ ತಾತ ನಲವತ್ತು ವರ್ಷ ಕೋರ್ಟಿನ್ಯಾಗ ಪೇಶ್ಕಾರ ಇದ್ದವ, ಇವನ ಕಣ್ಣು ತಪ್ಪಿಸಿ ಯಾರೂ ಒಂದೆಲಿ ಹರಿಯಾಕ ಆಗಂಗಿಲ್ಲ' ಅಂತ ಕಾವಲಿಗೆ ಹಚ್ಚಿ ಧಾರವಾಡಕ್ಕೆ ಹೋಗಿಬಿಟ್ಟೆ. ಕುದುರೆ ಏರಿಸಿ ಲಗಾಮು ಕಿತ್ತುಕೊಂಡ ಹಾಗೆ.

ಕಾವಲು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ. ಬೇವನ್ನು ಹಾಳುಮಾಡಲು ವೈರಿ ಬೇಕಿಲ್ಲವ್ವಾ, ಅದನ್ನು ಪ್ರೀತಿ ಮಾಡುವವರೇ ಸಾಕು. ಯುಗಾದಿಗೆ ಎಲೆ ಬೇಕು, ಮೈಗೆ ಅಮ್ಮ ಎದ್ದವರಿಗೆ ಹಾಸಲು ಎಲೆ ಬೇಕು, ಜೋಳದ ಚೀಲದಲ್ಲಿ ಹುಳ ಬೀಳದ ಹಾಗೆ ಎಲೆ ಬೇಕು. ಮೊಣಕಾಲುದ್ದದ ಸಸಿ ನೋಡಿದರೂ 'ನಾಕೇ ನಾಕು ಎಲಿ ರೀ ಕಾಕಾ' ಅಂತ ಕೈ ಚಾಚುತ್ತಾರೆ. ಹತ್ತು ಮನೆಯವರು ನಾಲ್ಕು ನಾಲ್ಕು ಕಿತ್ತರೆ ಉಳಿಯುವುದು ಕೋಲು. ಇನ್ನು ನಿನ್ನ ಅಪ್ಪನ ಪ್ರತಾಪ ಕೇಳು. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಮೇಸ್ತ್ರಿಯಾಗಿ ಹದಿನೈದು ವರ್ಷ ದುಡಿದವನು, ಮಗಳ ಗಿಡಗಳಿಗೆ ಗೊಬ್ಬರ ಅಂತ ಹೊಟ್ಟಿನ ಬೂದಿಯನ್ನು ಒಂದು ಭಾನುವಾರ ಚೀಲದಲ್ಲಿ ತುಂಬಿಸಿ ತಂದ. ಬಾಯ್ಲರಿನಿಂದ ಎಳೆದು ಹಾಗೇ ತುಂಬಿದ್ದು, ಒಳಗೆ ಕೆಂಡ ಇನ್ನೂ ಜೀವಂತ. ಎರಡು ಸಸಿಗಳ ಬುಡಕ್ಕೆ ಸುರಿದು ನೀರು ಹೊಯ್ದ. ಚುಂಯ್ ಅಂತ ಹೊಗೆ ಎದ್ದಾಗ 'ಯಪ್ಪಾ, ಇದು ಬಿಸಿ ಇತ್ತೇನು' ಅಂತ ನನ್ನನ್ನೇ ಕೇಳುತ್ತಾನೆ! ಆ ಎರಡೂ ಅಲ್ಲಿಗೆ ಮುಗಿದವು. ಅವತ್ತು ನಾನು ಅವನಿಗೆ ಅಂದ ಮಾತುಗಳನ್ನು ಪತ್ರದಲ್ಲಿ ಬರೆಯುವ ಹಾಗಿಲ್ಲ.

ಸರಕಾರದ ಕಥೆ ಬೇರೆ. ಯಾವ ಆಫೀಸು ಅಂತ ಬರೆಯುವುದಿಲ್ಲ, ಪತ್ರ ಯಾರ ಕೈಗೆ ಸಿಕ್ಕೀತೋ. ವನಮಹೋತ್ಸವಕ್ಕೆ ಬಂದು ಓಣಿಯ ಬಾಯಲ್ಲಿ ಒಂದು ಗುಲ್‌ಮೊಹರ್ ನೆಟ್ಟು, ಫೋಟೋ ಹೊಡೆಸಿಕೊಂಡು, ಸುತ್ತ ಕಬ್ಬಿಣದ ಪಂಜರ ಹಾಕಿ ಹೋದರಲ್ಲ, ಆ ಗಿಡ ದಸರೆಗೇ ಸತ್ತಿತು. ಪಂಜರ ಇದೆ. ಅದರ ಮೇಲೆ ಈಗ ಚಡ್ಡಿ ಬನಿಯನ್ನು ಒಣಗುತ್ತವೆ. ಸರಕಾರದ ಪಂಜರದಲ್ಲಿ ಗಿಡ ಇಲ್ಲ, ನಮ್ಮ ಗಿಡಕ್ಕೆ ಪಂಜರ ಇಲ್ಲ. ಅದನ್ನು ಕಿತ್ತು ನಮ್ಮ ಒಂದು ಸಸಿಗೆ ಹಾಕಿಕೊಳ್ಳಲು ಅಪ್ಪಣೆ ಬೇಕು ಅಂತ ಮೂರು ಅರ್ಜಿ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಸದರಿ ಪಂಜರವು ಸದರಿ ವೃಕ್ಷಕ್ಕಾಗಿ ಮಂಜೂರಾದದ್ದು, ಸ್ಥಳಾಂತರಿಸಲು ಅವಕಾಶವಿಲ್ಲ. ನಾನೂ ನಲವತ್ತು ವರ್ಷ ಇಂಥದೇ ಕಾಗದ ಬರೆದವನು, ಆದರೆ ನನ್ನ ಮೇಲೆಯೇ ಒಂದು ದಿನ ತಿರುಗಿ ಬರುತ್ತದೆ ಅಂತ ತಿಳಿದಿರಲಿಲ್ಲ.

ಇಷ್ಟೆಲ್ಲ ಆದರೂ ಏಪ್ರಿಲ್ ಕೊನೆಗೆ ಹದಿನಾಲ್ಕು ಸಸಿ ಬದುಕಿದ್ದವು. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಅದರಲ್ಲಿ ನನ್ನ ಪಾಲು ಸ್ವಲ್ಪ, ಓಣಿಯ ಪಾಲು ದೊಡ್ಡದು. ನಳದ ನೀರು ಮೂರು ದಿನಕ್ಕೊಮ್ಮೆ ಬಂದರೂ ಹೆಣ್ಣುಮಕ್ಕಳು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ತಂದು ಹಾಕಿದರು. ಮಸೀದಿ ನೋಡಿಕೊಳ್ಳುವ ಟೇಲರ್ ದಸ್ತಗೀರ್ ಸಾಬರು ನಮಾಜಿಗೆ ಮೊದಲು ಕೈಕಾಲು ತೊಳೆದ ವುಜೂ ನೀರು ಚರಂಡಿಗೆ ಹೋಗುತ್ತಿದ್ದುದನ್ನು ತಡೆದು, ತಾವೇ ಸಲಿಕೆ ಹಿಡಿದು ಸಣ್ಣ ಕಾಲುವೆ ತೋಡಿ, ಮಸೀದಿ ಬಾಗಿಲಿನ ಮೂರು, ನಾಲ್ಕು, ಐದನೇ ಸಸಿಗಳಿಗೆ ಹಾಯಿಸಿದರು. ದಿನಕ್ಕೆ ಐದು ಸಲ ನೀರು, ಈ ಊರಿನಲ್ಲಿ ಯಾವ ಗಿಡಕ್ಕೆ ಸಿಗುತ್ತದೆ? ಎಲ್ಲರಿಗಿಂತ ಮುಂದೆ ಇದ್ದವಳು ನಮ್ಮ ಎದುರು ಮನೆಯ ದಾವಲ್ ಬೀ, ನಿನ್ನ ಗೆಳತಿ ಖತೀಜಾಳ ತಾಯಿ. ಸಂತೆಯಲ್ಲಿ ಸೊಪ್ಪು ಮಾರಿ ಬಂದು, ಸೊಪ್ಪು ತೊಳೆದ ನೀರಿನ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸುವ ಮೊದಲೇ ತನ್ನ ಸಸಿಗೆ ಬಸಿಯುತ್ತಿದ್ದಳು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಅವಳ ಬಗ್ಗೆ ಬೇರೆ ಬರೆಯಬೇಕಾಗಿದೆ.

ಒಂಬತ್ತನೇ ಸಸಿ ನಿನಗೆ ನೆನಪಿದೆ. ಹಳೆಯ ಬೇವು ಇದ್ದ ಜಾಗದಲ್ಲೇ, ಹೊಸ್ತಿಲಿನ ಎಡಕ್ಕೆ, ನೀನು ಬೇಕೆಂದೇ ನೆಟ್ಟದ್ದು. ಆ ಮರ ಕಡಿದ ದಿನ ನೀನು ಶಾಲೆಯಿಂದ ಬಂದು ಕೊರಡಿನ ಮೇಲೆ ಕೂತು ಅತ್ತವಳು. ಈ ಸಸಿ ಹತ್ತು ತಿಂಗಳಲ್ಲಿ ನನ್ನ ಹೆಗಲು ಮುಟ್ಟಿತ್ತು. ಉಳಿದವೆಲ್ಲ ಒಂದು ತೂಕ, ಇದೊಂದೇ ಒಂದು ತೂಕ ಅನ್ನುವ ಹಾಗೆ ಬೆಳೆಸಿದ್ದೆ. ಏಪ್ರಿಲ್ ಇಪ್ಪತ್ತೊಂಬತ್ತರ ಬೆಳಿಗ್ಗೆ ತಿರುಗಾಡಿ ಬಂದು, ಬಾಯಿ ತೊಳೆದು, ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಒಂದು ಟೊಂಗೆ ಇಲ್ಲ! ಮರುದಿನ ಇನ್ನೊಂದು. ಮೇ ಒಂದರಂದು ಮೂರನೆಯದು, ಮತ್ತು ಸಸಿಯ ಪಕ್ಕದಲ್ಲಿ ದಾವಲ್ ಬೀಯ ಬಿಳಿಕಿವಿಯ ಆಡು, ಬಾಯಲ್ಲಿ ಬೇವಿನ ಎಲೆ. ಕಳ್ಳ ಮಾಲು ಸಮೇತ ಸಿಕ್ಕಿದ ಮೇಲೆ ಇನ್ನೇನು ವಿಚಾರಣೆ? ಪಂಚನಾಮೆ ಬರೆದೆ, ತಾರೀಖು ಹಾಕಿದೆ, ಬಿಡಾಡಿ ದನ ಕಟ್ಟುವ ಕೊಂಡವಾಡಕ್ಕೆ ಆಡನ್ನು ನಾನೇ ಹಗ್ಗ ಹಿಡಿದು ಎಳೆದುಕೊಂಡು ಹೋಗಿ ಒಪ್ಪಿಸಿದೆ. ದಾವಲ್ ಬೀ ದಾರಿಯುದ್ದಕ್ಕೂ ಹಿಂದೆ ಬಂದಳು. 'ಪೇಶ್ಕಾರ್ ಸಾಬ್, ಬಿದ್ದ ಎಲಿ ತಿಂದದ, ಗಿಡಕ್ಕ ಬಾಯಿ ಹಾಕಿಲ್ಲ. ಖತೀಜಾಗ ಹಾಲು ಬರವಲ್ಲದು, ಕೂಸು ಇದರ ಹಾಲಿನ ಮ್ಯಾಲ ಅದ, ಬಿಡ್ರೀ' ಅಂದಳು. ಖತೀಜಾ ಬಾಣಂತನಕ್ಕೆ ಬಂದಿದ್ದಾಳೆ, ನಿನಗೆ ತಿಳಿದಿರಬೇಕು. ನಾನು ಕಾನೂನು ಎಲ್ಲರಿಗೂ ಒಂದೇ ಅಂದೆ.

ಆಡು ಒಳಗೆ, ಸಸಿ ಹೊರಗೆ. ಆದರೂ ಮೇ ಎರಡರಂದು ಮತ್ತೊಂದು ಟೊಂಗೆ ಹೋಯಿತು! ನಾನು ಕನ್ನಡಕ ಒರೆಸಿಕೊಂಡು ಗಾಯವನ್ನು ಪರೀಕ್ಷೆ ಮಾಡಿದೆ. ಹಲ್ಲಿನ ಗುರುತು ಇಲ್ಲ, ಕೆಳಗೆ ತೊಗಟೆ ಪಟ್ಟಿಯಾಗಿ ಸುಲಿದಿದೆ. ಇದು ಕೈಯ ಕೆಲಸ. ಮೂರರಂದು ಐದನೆಯ ಟೊಂಗೆ. ಆಡು ಕಟ್ಟಿಸಿದ ಸಿಟ್ಟಿಗೆ ಯಾರಿಗೆ ಈ ಸಸಿಯ ಮೇಲೆ ಹಗೆ ಇರಬಹುದು, ನೀನೇ ಹೇಳು. ಅವತ್ತು ಶುಕ್ರವಾರ. ಜುಮ್ಮಾ ನಮಾಜು ಬಿಟ್ಟು ಓಣಿಯ ಗಂಡಸರೆಲ್ಲ ಹೊರಗೆ ಬರುವ ಹೊತ್ತಿಗೆ ಮಸೀದಿ ಬಾಗಿಲಲ್ಲಿ ನಿಂತು, ನಿಜಾಮರ ಕಾಲದ ನನ್ನ ಕೋರ್ಟಿನ ಉರ್ದುವಿನಲ್ಲಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದೆ. ದಾವಲ್ ಬೀ ದ್ವೇಷದಿಂದ ಬೇಕೆಂದೇ ಸಸಿ ಮುರಿಯುತ್ತಿದ್ದಾಳೆ ಅಂತ ಹೆಸರು ಹಿಡಿದು ಹೇಳಿದೆ. ಅವಳು ತನ್ನ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿತು. 'ಯಾ ಅಲ್ಲಾ, ನಾ ಮುರೀತೀನೇನು? ನಿಮ್ಮ ಗುರುಶಾಂತಾ ನನ್ನ ಖತೀಜಾನ ಕೂಡ ಒಂದ ತಾಟಿನ್ಯಾಗ ಉಂಡು ಬೆಳದಾಕಿ, ಆಕಿ ಹಚ್ಚಿದ ಗಿಡ ನಾ ಮುರೀತೀನೇನು?' ಅಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ದಸ್ತಗೀರ್ ಸಾಬರು ಚಪ್ಪಲಿ ಮೆಟ್ಟಿಕೊಂಡು ನಡೆದರು.

ಮರುದಿನ ನೋಡಿದರೆ ಕಾಲುವೆಯ ಬಾಯಿಗೆ ಇಟ್ಟಿಗೆ ಬಿದ್ದಿದೆ, ವುಜೂ ನೀರು ಮತ್ತೆ ಚರಂಡಿಗೆ ಹರಿಯುತ್ತಿದೆ. ನಾನು ಹೋಗಿ ಯಾಕ್ರೀ ಹೀಗೆ ಅಂದೆ. ದಸ್ತಗೀರ್ ಸಾಬರು ಮಷೀನಿನಿಂದ ತಲೆ ಎತ್ತಲಿಲ್ಲ. 'ಹಂಪಣ್ಣವ್ರೆ, ನೀರು ಪಾಕ್ ಅದ, ಸ್ವಚ್ಛ ಅದ. ಮಾತು ಪಾಕ್ ಇರ್ಲಿಲ್ಲ' ಅಂದರು. ಅವತ್ತಿನಿಂದ ಆ ಕಡೆಯ ಏಳು ಮನೆಯವರೂ ನೀರು ನಿಲ್ಲಿಸಿದರು. ಅವರು ಹಾಕದಿದ್ದರೆ ನಾವ್ಯಾಕೆ ಹಾಕಬೇಕು ಅಂತ ನಮ್ಮ ಕಡೆಯವರೂ ಕೈ ಎತ್ತಿದರು, ಅವರಿಗೆ ನೆಪ ಬೇಕಾಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಮನೆ ಮನೆಗೆ ಹೋಗಿ ಬೇಡಿಕೊಂಡೆ. 'ಬಿಸಲು ಕಾಕಾ, ಮನಿಗೇ ನೀರಿಲ್ಲ' ಅನ್ನುತ್ತಾರೆ. ಮೊನ್ನೆಯವರೆಗೆ ಇದ್ದ ಮುಸುರೆ ನೀರು ಈಗ ಎಲ್ಲಿ ಹೋಯಿತು? ನಾನು ಎರಡೂ ಕೈಯಲ್ಲಿ ಬಕೀಟು ಹಿಡಿದು ಈ ವಯಸ್ಸಿನಲ್ಲಿ ಎಷ್ಟು ಗಿಡಕ್ಕೆ ಹೊರಲಿ? ಹತ್ತು ದಿನದಲ್ಲಿ ಆರು ಸಸಿ ಒಣಗಿದವು. ಮಸೀದಿ ಬಾಗಿಲಿನ ಮೂರೂ ಹೋದವು. ನೀನು ಕೇಳಿದ ಲೆಕ್ಕ ಇದು: ಉಳಿದವು ಎಂಟು, ಅದರಲ್ಲಿ ಒಂಬತ್ತನೆಯದು ಒಂದೆರಡು ಟೊಂಗೆ ಉಳಿದ ಕೋಲು, ತುದಿಯಲ್ಲಿ ನಾಲ್ಕು ಎಲೆ.

ಒಂದು ಮಾತು ಮಾತ್ರ ಹೇಳಲೇಬೇಕು. ಆಡು ಶನಿವಾರ ಕೊಂಡವಾಡದಿಂದ ಬಿಟ್ಟು ಬಂತು. ಅವತ್ತೂ ಒಂದು ಟೊಂಗೆ ಹೋಗಿತ್ತು. ಭಾನುವಾರ ಒಂದು ಟೊಂಗೆ, ಸೋಮವಾರ ಆರರಂದು ಬೆಳಿಗ್ಗೆ ಎಂಟನೆಯ ಟೊಂಗೆ. ಅಲ್ಲಿಗೆ ನಿಂತಿತು! ಅವತ್ತಿನಿಂದ ಇವತ್ತಿನವರೆಗೆ ಒಂದು ಎಲೆಯೂ ಮುರಿದಿಲ್ಲ. ನಾಲ್ಕು ಜನರ ಮುಂದೆ ಹೆಸರು ಹೇಳಿದ್ದಕ್ಕೇ ಅಂಜಿ ಕೈ ಬಿಟ್ಟಳು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಆದರೂ ಓಣಿಯಲ್ಲಿ ನನ್ನನ್ನೇ ಕೆಟ್ಟವನು ಅಂತ ನೋಡುತ್ತಾರೆ. ಮೂರು ದಿನ ಕೊಂಡವಾಡದ ಬಯಲಲ್ಲಿ ನೆರಳಿಲ್ಲದೆ ನಿಂತು ಆಡಿನ ಹಾಲು ಬತ್ತಿತಂತೆ. ದಾವಲ್ ಬೀ ಸಂತೆ ಬಿಟ್ಟು ದಿನಾ ತೀನ್ ಕಂದೀಲ್ ಚೌಕದವರೆಗೆ ಕೂಸಿನ ಹಾಲಿಗೆ ನಡೆಯುತ್ತಾಳೆ, ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಾಳೆ, ಈ ಕಡೆ ಮುಖ ತಿರುಗಿಸುವುದಿಲ್ಲ. ಕೂಸು ಅಳುವುದು ಇಲ್ಲಿಯವರೆಗೆ ಕೇಳಿಸುತ್ತದೆ. ನನಗೆ ಸಂಕಟ ಆಗುವುದಿಲ್ಲವೇ? ಆಗುತ್ತದೆ. ಆದರೆ ತಪ್ಪು ಮಾಡಿದವರು ಅವರು, ಬೈಸಿಕೊಳ್ಳುವವನು ನಾನು. ಊರ ಉಸಾಬರಿ ತೆಗೆದುಕೊಂಡವನಿಗೆ ಇದೇ ಸನ್ಮಾನ.

ಆದ್ದರಿಂದ ನಿನ್ನ ಪ್ರೊಫೆಸರರಿಗೆ ಈ ವರ್ಷ ಬೇಡ ಅಂತ ಹೇಳಿಬಿಡು. ಒಣಗಿದ ಕೋಲುಗಳನ್ನು ತೋರಿಸಿ ನಗೆಪಾಟಲಾಗುವುದು ಬೇಡ. ಇಂಥ ಜನರನ್ನು ಕಟ್ಟಿಕೊಂಡು ಊರನ್ನು ತಂಪು ಮಾಡುತ್ತೇನೆ ಅನ್ನುವ ಹುಚ್ಚನ್ನು ನೀನೂ ಬಿಡು, ಪರೀಕ್ಷೆ ಬರೆದು ಎಲ್ಲಾದರೂ ತಂಪಿರುವ ಕಡೆ ನೌಕರಿ ಹಿಡಿ. ನನಗೂ ಸಾಕಾಗಿದೆ. ಕಾವಲು ಬಿಟ್ಟಿದ್ದೇನೆ ಅಂತ ತಿಳಿ. ಬಿಸಿಲಲ್ಲಿ ತಿರುಗಬೇಡ, ರಾತ್ರಿ ಮೊಸರು ತಿನ್ನಬೇಡ, ಕೆಮ್ಮಿಗೆ ಔಷಧ ತೆಗೆದುಕೋ. ಮನೆದೇವರು ನಿನ್ನ ಬುದ್ಧಿಗೂ ಮೈಗೂ ಬಲ ಕೊಡಲಿ. ಅಜ್ಜಿ ನಿನ್ನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದೆ ಅಂತ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ಇಂತು ನಿನ್ನ ತಾತ,
ಹಂಪಣ್ಣ
ನಿವೃತ್ತ ಪೇಶ್ಕಾರ

ತಾ.ಕ.: ಗುರುಶಾಂತಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಹೊಂದಿಸಿಕೊಂಡು ಓದು. ನಿನ್ನ ಅಜ್ಜಿಗೆ ಓದಲು ಬರುವುದಿಲ್ಲವಲ್ಲ, ಲಕೋಟೆ ಅಂಟಿಸುವ ಮೊದಲು ಎಂದಿನಂತೆ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು. ಇಪ್ಪತ್ತೊಂಬತ್ತರಿಂದ ಆರರವರೆಗೆ ದಿನಕ್ಕೊಂದು ಟೊಂಗೆ ಅನ್ನುವಲ್ಲಿಗೆ ಬಂದಾಗ ಅವಳ ಕೈ ನಿಂತಿತು. 'ನಾ ಮಾನ್ವಿಗೆ ಹೋಗೂಮುಂದ ಮಾಡದಾಗ ಒಂದೂ ಕಡ್ಡಿ ಇರ್ಲಿಲ್ಲ. ಎಂಟು ದಿನ ನೀವು ಹಲ್ಲಿಗೆ ಕಡ್ಡಿ ಎಲ್ಲಿಂದ ತಂದ್ರಿ?' ಅಂದಳು.

ನಲವತ್ತು ವರ್ಷ ವಕೀಲರ ಪಾಟೀಸವಾಲು ಕೇಳಿದವನು ನಾನು, ಇಂಥ ಸವಾಲು ಕೇಳಿಲ್ಲ. ಕಡ್ಡಿ ಬಾಯಲ್ಲಿ ಇತ್ತು, ಅಷ್ಟು ಗೊತ್ತು. ಎಲ್ಲಿಂದ ಬಂತು ಅನ್ನುವುದು ನೆನಪಿಲ್ಲ. ಎದ್ದು ಹಿತ್ತಲಿಗೆ ಹೋಗಿ, ನಾನು ಜಗಿದ ಕಡ್ಡಿ ಎಸೆಯುವ ಬಚ್ಚಲ ಮೂಲೆ ಕೆದಕಿದೆ. ಬಾವಿ ಗುಡಿಯ ದಪ್ಪ ಕಡ್ಡಿಗಳ ನಡುವೆ ಸಣ್ಣವು, ಎಳೆಯವು, ಎಂಟು ಸಿಕ್ಕವು. ಮಾಡ ಬರಿದಾಗಿದ್ದಾಗ ನನ್ನ ಕೈ ಕತ್ತಲಲ್ಲಿ, ಕನ್ನಡಕ ಇಲ್ಲದೆ, ಹೊಸ್ತಿಲಿನ ಎಡಕ್ಕೆ ಹಳೆಯ ಟೊಂಗೆಯನ್ನು ಹುಡುಕಿಕೊಂಡು ಹೋಗಿದೆ. ಮರ ಹೋಗಿ ಆರು ವರ್ಷವಾದರೂ ಕೈಗೆ ಅದು ಗೊತ್ತಿರಲಿಲ್ಲ. ಅವಳು ಬಂದು ಮಾಡ ತುಂಬಿದ ಮೇಲೆ ಟೊಂಗೆ ಮುರಿಯುವುದು ನಿಂತಿತು. ನಾನು ಅದನ್ನೇ ದಾವಲ್ ಬೀಯ ಮೇಲೆ ಸಾಕ್ಷಿ ಅಂತ ಬರೆದೆ.

ನಿನ್ನ ಅಜ್ಜಿ ನನ್ನ ಮುಖ ನೋಡಲಿಲ್ಲ. ಮನೆಯಲ್ಲಿದ್ದ ಹಾಲನ್ನೆಲ್ಲ ಚರಿಗೆಗೆ ಬಗ್ಗಿಸಿಕೊಂಡು ಎದುರು ಮನೆಗೆ ನಡೆದಳು, ನಾನು ಹಿಂದೆ ಹೋದೆ. ಆ ಎಂಟು ಕಡ್ಡಿಗಳನ್ನು ದಾವಲ್ ಬೀಯ ಮುಂದೆ ಇಟ್ಟು ಹೇಳಿದೆ. ಅವಳು ಒಂದನ್ನು ಎತ್ತಿ ಜಗಿದ ತುದಿ ತಿರುಗಿಸಿದಳು. 'ಹಲ್ಲು ನಿಮ್ಮವು, ಹೆಸರು ನಮ್ಮ ಆಡಿಂದು' ಅಂದಳು. ತಪ್ಪಾಯಿತು ಅಂತ ಕೈ ಮುಗಿದೆ, ಅವಳಿಗಿಂತ ಹದಿನೈದು ವರ್ಷ ದೊಡ್ಡವನು. 'ಮನ್ಯಾಗ ಬಂದು ನನಗೊಬ್ಬಾಕಿಗೆ ಹೇಳಿದ್ರ ಏನು ಬಂತು, ಪೇಶ್ಕಾರ್ ಸಾಬ್? ಎಲ್ಲಿ ಅಂದಿದ್ರೋ ಅಲ್ಲೇ ಅನ್ರಿ' ಅಂದು ಹಾಲು ಒಳಗೆ ತೆಗೆದುಕೊಂಡು ಹೋದಳು. ಅವಳು ಹೇಳಿದ್ದು ನ್ಯಾಯ.

ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯೋಣ ಅನ್ನಿಸಿತು. ಹರಿಯಲಿಲ್ಲ. ಫೈಲಿನಿಂದ ಹಾಳೆ ಕೀಳಬಾರದು ಅಂತ ಗುಮಾಸ್ತರಿಗೆ ಬೈದವನು ನಾನೇ. ಹಾಗೇ ಕಳಿಸುತ್ತಿದ್ದೇನೆ, ನಿನ್ನ ತಾತ ಎಂಥವನು ಅಂತ ಓದಿಕೋ. ಪ್ರೊಫೆಸರರನ್ನು ಕರೆದುಕೊಂಡು ಬಾ. ಎಷ್ಟು ಒಣಗಿದವು, ಯಾರಿಂದ ಒಣಗಿದವು, ನಾನೇ ನಿಂತು ತೋರಿಸುತ್ತೇನೆ. ಬರುವ ಶುಕ್ರವಾರ ಜುಮ್ಮಾ ಬಿಟ್ಟ ಮೇಲೆ ಅದೇ ಬಾಗಿಲಲ್ಲಿ, ಅದೇ ಉರ್ದುವಿನಲ್ಲಿ, ನನ್ನ ಹೆಸರು ಹಾಕಿ ಹೊಸ ಪಂಚನಾಮೆ ಓದುತ್ತೇನೆ. ಅಲ್ಲಿ ನೆರಳಿಲ್ಲ, ಮುಂದೆ ನೆರಳಾಗಬೇಕಿದ್ದ ನಾಲ್ಕನೇ ಸಸಿ ಒಣಗಿದೆ. ಅಜ್ಜಿ ಈಗಲೇ ಕೊಡೆ ಒರೆಸಿ ಬಾಗಿಲಿಗೆ ತೂಗುಹಾಕಿದ್ದಾಳೆ. ನಾನು ಅದನ್ನು ಒಯ್ಯುವುದಿಲ್ಲ.